ಬಾಗಿಲು ಹಾಕಿದರೆ ನಿಲ್ಲುತ್ತಿದ್ದ ಹಾಡು: ಮೂಡಿಗೆರೆ ಕಡೆಯ ಒಂದು ಕಾರಿನ ಆಡಿಯೊ ದುರಸ್ತಿಯ ಪ್ರಕರಣ ಅಧ್ಯಯನ

ಮೂಡಿಗೆರೆ ತಾಲ್ಲೂಕಿನ ಬಣಕಲ್ ಬಳಿ ಸಣ್ಣದೊಂದು ಕಾಫಿ ತೋಟ ಮಾಡಿಕೊಂಡಿರುವ ನನ್ನ ಭಾವನವರ ಹನ್ನೊಂದು ವರ್ಷದ ಹಳೆಯ ಕಾರಿನಲ್ಲಿ ಜುಲೈ ತಿಂಗಳ ಮೊದಲ ವಾರದಿಂದ ಹಾಡು ಇದ್ದಕ್ಕಿದ್ದಂತೆ ನಿಲ್ಲತೊಡಗಿತು. ಹಾಡು ಹಾಕುವ ಸೆಟ್ಟಿನ ಪರದೆ ಎಂದಿನಂತೆ ಬೆಳಗುತ್ತಿತ್ತು, ಹಾಡಿನ ನಿಮಿಷ ಸೆಕೆಂಡುಗಳು ಓಡುತ್ತಲೇ ಇದ್ದವು, ಗುಂಡಿ ಒತ್ತಿದರೆ ಹಾಡು ಬದಲಾಗುತ್ತಿತ್ತು. ಆದರೆ ನಾಲ್ಕು ಸ್ಪೀಕರ್‌ಗಳಲ್ಲಿ ಒಂದರಿಂದಲೂ ಸದ್ದು ಹೊರಡುತ್ತಿರಲಿಲ್ಲ. ಕೆಲವೊಮ್ಮೆ ಕೀಲಿ ತೆಗೆದು ಮತ್ತೆ ಹಾಕಿದರೆ ಬರುತ್ತಿತ್ತು, ಕೆಲವೊಮ್ಮೆ ಎರಡು ದಿನ ಪೂರ್ತಿ ಬರುತ್ತಿರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ ಅಲ್ಲಿಯವರು ಸೆಟ್ಟನ್ನು ಹೊರಗೆ ತೆಗೆಯದೆಯೇ, ಒಳಗಿನ ಐಸಿ (ಸದ್ದನ್ನು ಬಲಪಡಿಸುವ ಚಿಪ್ಪು) ಹೋಗಿದೆ, ಹೊಸ ಸೆಟ್ ಹಾಕಿಸುವುದೇ ದಾರಿ ಎಂದು ಹೇಳಿ ಕಳಿಸಿದ್ದರು. ಭಾವನವರು ಒಪ್ಪಿಯೂ ಆಗಿತ್ತು. ಹಾಸನದಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ ನನಗೆ ಅಕ್ಕ ಫೋನ್ ಮಾಡಿ, "ದುಡ್ಡು ಕೊಡೋಕೆ ಮುಂಚೆ ನೀನೊಂದು ಸಲ ಬಂದು ನೋಡೋ" ಎಂದಳು. ಆ ಶನಿವಾರ ಮೀಟರು, ಬೆಸುಗೆಯ ಕಡ್ಡಿ, ಸ್ಕ್ರೂಡ್ರೈವರುಗಳ ಚೀಲ ಹಿಡಿದು ಬೇಲೂರಿನ ದಾರಿಯಲ್ಲಿ ಹೊರಟೆ. ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದ ವಾರ ಅದು.

ಕಾರನ್ನು ಮುಟ್ಟುವ ಮೊದಲು ಇಬ್ಬರನ್ನೂ ಕೂರಿಸಿಕೊಂಡು ಒಂದು ಗಂಟೆ ಕೇಳಿದೆ. ಆ ಒಂದು ಗಂಟೆ ಮುಂದೆ ಬಹಳ ಕೆಲಸ ಉಳಿಸಿತು. ಅವರು ಒಂದೇ ಎಂದು ಹೇಳುತ್ತಿದ್ದ ದೂರಿನಲ್ಲಿ ಎರಡು ದೂರುಗಳು ಸೇರಿಕೊಂಡಿದ್ದವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯತೊಡಗಿದರೆ ರೇಡಿಯೊ ಗೊರಗೊರ ಎಂದು ನಿಂತುಬಿಡುತ್ತದೆ ಎಂದು ಅಕ್ಕ ಹೇಳಿದಳು. ಅದು ದೋಷವಲ್ಲ. ಹಾಸನ ಆಕಾಶವಾಣಿ 102.2 ಮೆಗಾಹರ್ಟ್ಸ್‌ನ ಎಫ್‌ಎಂನಲ್ಲಿ ಬರುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದೃಷ್ಟಿಯ ಹಾದಿಯಲ್ಲೇ ಸಾಗುವುದರಿಂದ ನಡುವೆ ಗುಡ್ಡದ ಗೋಡೆ ಎದ್ದರೆ ಕೇಳಿಸುವುದಿಲ್ಲ. ಭದ್ರಾವತಿಯ 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗ ನೆಲವನ್ನು ಹಿಡಿದು ಸಾಗುವುದರಿಂದ ಅದೇ ತಿರುವಿನಲ್ಲೂ ಅಷ್ಟಿಷ್ಟು ಕೇಳಿಸಬಹುದು. ಈ ದೂರನ್ನು ಬದಿಗಿಟ್ಟ ಮೇಲೆ ಉಳಿದದ್ದು ಪೆನ್‌ಡ್ರೈವ್, ಬ್ಲೂಟೂತ್, ರೇಡಿಯೊ ಯಾವುದು ಹಾಕಿದ್ದರೂ ಸದ್ದು ಪೂರ್ತಿ ಅಡಗುವ ತೊಂದರೆ. ಎಲ್ಲ ಮೂಲಗಳಿಗೂ ಒಂದೇ ಗತಿ ಆಗುತ್ತಿದೆ ಎಂದರೆ ಪೆನ್‌ಡ್ರೈವನ್ನಾಗಲಿ ಫೋನನ್ನಾಗಲಿ ಅನುಮಾನಿಸಬೇಕಿಲ್ಲ. ದೋಷ ಸೆಟ್ಟಿನ ಒಳಗೆ ಸದ್ದನ್ನು ಬಲಪಡಿಸುವ ಆಂಪ್ಲಿಫೈಯರಿನಲ್ಲಿರಬೇಕು ಅಥವಾ ಅದರ ಮುಂದಿನ ತಂತಿ, ಸ್ಪೀಕರ್‌ಗಳಲ್ಲಿರಬೇಕು.

ಎರಡನೆಯ ಸುಳಿವನ್ನು ಕೊಟ್ಟವಳೂ ಅಕ್ಕನೇ. ಭಾವನವರು ರಸ್ತೆಯ ಗುಂಡಿ, ತಿರುವು, ಮಳೆ ಎಂದು ಕಾರಣ ಹೇಳುತ್ತಿದ್ದಾಗ ಅವಳು, "ಇವರು ಇಳಿದು ಗೇಟು ತೆಗೆದು ವಾಪಸ್ ಬಂದು ಬಾಗಿಲು ಹಾಕ್ಕೊಂಡ ಮೇಲೇ ಹಾಡು ಹೋಗೋದು. ನಾನು ಇಳಿದು ತೆಗೆದ ದಿನ ಹೋಗಿಲ್ಲ" ಎಂದಳು. ಆ ಮನೆಗೆ ಹೋಗುವ ದಾರಿಯಲ್ಲಿ ಎರಡು ಕಡೆ ಗೇಟು, ಒಂದು ಕಡೆ ಅಡ್ಡಗೋಲು ಸರಿಸಿ ದಾಟುವ ಉಣುಗೋಲು ಇದೆ. ಚಾಲಕನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಎಂದು ಅಲ್ಲಿಯ ತನಕ ಯಾರೂ ಯೋಚಿಸಿರಲಿಲ್ಲ.

ಒಂದು ಬಾಗಿಲಿನ ತೊಂದರೆಗೆ ನಾಲ್ಕೂ ಸ್ಪೀಕರ್‌ಗಳು ಏಕೆ ಬಾಯಿ ಮುಚ್ಚಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪ್ರಕರಣದ ಗಂಟು ಇರುವುದು ಅಲ್ಲೇ. ಕಾರಿನಲ್ಲಿ ಸಿಗುವುದು ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಮಾತ್ರ. ಸ್ಪೀಕರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಸೇರಿರುವ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಜೋಡಿಸಿ ಇನ್ನೊಂದು ತುದಿಯನ್ನಷ್ಟೇ ಆಂಪ್ಲಿಫೈಯರಿನಿಂದ ನಡೆಸಿದರೆ 4 ಓಮ್‌ನ ಸ್ಪೀಕರಿಗೆ ಲೆಕ್ಕದ ಪ್ರಕಾರ ಆರೇಳು ವ್ಯಾಟಿಗಿಂತ ಹೆಚ್ಚು ಕೊಡಲಾಗುವುದಿಲ್ಲ; ಹಳೆಯ ಕ್ಯಾಸೆಟ್ ಸೆಟ್‌ಗಳಲ್ಲಿ ಹಲವು ಹಾಗೆಯೇ ಇದ್ದವು. ಈಗಿನ ಸೆಟ್‌ಗಳು ಪ್ರತಿ ಸ್ಪೀಕರಿನ ಎರಡೂ ತುದಿಗಳನ್ನು ಎರಡು ಬೇರೆ ಬೇರೆ ಆಂಪ್ಲಿಫೈಯರುಗಳಿಂದ, ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿಯುವಂತೆ, ನಡೆಸುತ್ತವೆ. ಇದನ್ನು ಬ್ರಿಡ್ಜ್ ಜೋಡಣೆ ಎನ್ನುತ್ತಾರೆ. ಇದರಿಂದ ಸ್ಪೀಕರಿಗೆ ಸಿಗುವ ವೋಲ್ಟೇಜು ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು ಆಗುತ್ತದೆ. ಆದರೆ ಆಗ ಸ್ಪೀಕರಿನ ಪ್ಲಸ್ ತಂತಿಯಲ್ಲೂ ಮೈನಸ್ ತಂತಿಯಲ್ಲೂ ಬಾಡಿಗೆ ಹೋಲಿಸಿದರೆ ಸದಾ ಬ್ಯಾಟರಿಯ ಅರ್ಧದಷ್ಟು, ಅಂದರೆ ಆರೇಳು ವೋಲ್ಟ್, ನಿಂತೇ ಇರುತ್ತದೆ. ಅವುಗಳಲ್ಲಿ ಯಾವುದೇ ಒಂದು ತಂತಿ ಕಾರಿನ ಬಾಡಿಗೆ ತಾಗಿದರೂ ಅದು ಶಾರ್ಟ್, ಅಂದರೆ ವಿದ್ಯುತ್ತು ಸ್ಪೀಕರನ್ನು ಬಿಟ್ಟು ಅಡ್ಡದಾರಿಯಲ್ಲಿ ಹರಿಯುತ್ತದೆ. ಶಾರ್ಟ್ ಕಂಡ ಕೂಡಲೇ ಐಸಿಯ ಒಳಗಿನ ರಕ್ಷಣಾ ವ್ಯವಸ್ಥೆ ಎಚ್ಚೆತ್ತುಕೊಳ್ಳುತ್ತದೆ, ಮತ್ತು ಅನೇಕ ಸೆಟ್‌ಗಳಲ್ಲಿ ನಿಯಂತ್ರಕವು ಆ ಒಂದು ಸ್ಪೀಕರನ್ನಷ್ಟೇ ಅಲ್ಲದೆ ಇಡೀ ಆಂಪ್ಲಿಫೈಯರನ್ನೇ ಸುಮ್ಮನಾಗಿಸುತ್ತದೆ. ಪರದೆ ಬೆಳಗುತ್ತಲೇ ಇರುತ್ತದೆ, ಸದ್ದು ಮಾತ್ರ ಇರುವುದಿಲ್ಲ. "ಸೆಟ್ ಸತ್ತಿಲ್ಲ ಭಾವ, ಸಾಯಬಾರದೂಂತ ಸುಮ್ಮನಾಗ್ತಿದೆ" ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಕಣದ ಪಕ್ಕದ ಶೆಡ್ಡಿನಲ್ಲಿ ಕಾರನ್ನು ನಿಲ್ಲಿಸಿ ಮೊದಲು ವಿದ್ಯುತ್ ಪೂರೈಕೆಯನ್ನು ಅಳೆದೆ. ಎಂಜಿನ್ ನಿಂತಿದ್ದಾಗ ಬ್ಯಾಟರಿ 12.5 ವೋಲ್ಟ್ ಇತ್ತು, ಓಡುವಾಗ 14.1 ಇತ್ತು, ಎರಡೂ ಸರಿ. ಸೆಟ್ಟಿನ ಫ್ಯೂಸ್ ಚೆನ್ನಾಗಿತ್ತು. ಸೆಟ್ಟನ್ನು ಓಡಿಸಿಟ್ಟು ಅದರ ಅರ್ತ್ ತಂತಿಗೂ (ಮೈನಸ್ ಕಡೆಯನ್ನು ಬಾಡಿಗೆ ಸೇರಿಸುವ ತಂತಿ) ಬ್ಯಾಟರಿಯ ಮೈನಸ್‌ಗೂ ನಡುವೆ ಎಷ್ಟು ವೋಲ್ಟೇಜು ಬೀಳುತ್ತಿದೆ ಎಂದು ನೋಡಿದಾಗ 0.04 ವೋಲ್ಟ್ ಬಂದಿತು. ಅರ್ತ್ ಸಡಿಲವಾಗಿದ್ದರೆ ಇದು ಬಹಳ ಹೆಚ್ಚಿರುತ್ತಿತ್ತು.

ಇಲ್ಲಿಗೆ ಪೂರೈಕೆಯ ಮೇಲಿನ ಅನುಮಾನ ಮುಗಿಯಿತು. ಆಗ ನಾನು ಸೆಟ್ಟಿನ ಕಡೆಯಿಂದ ಅಳೆಯಬೇಕಿತ್ತು. ಹಾಗೆ ಮಾಡದೆ, ಅಕ್ಕ ಬಾಗಿಲು ಎಂದಿದ್ದಾಳೆ, ಬಾಗಿಲಿನಲ್ಲಿರುವುದು ಸ್ಪೀಕರ್, ಮಳೆನೀರು ಇಳಿದು ಅದು ಕೆಟ್ಟಿರಬೇಕು ಎಂದು ಊಹಿಸಿ ಚಾಲಕನ ಬಾಗಿಲಿನ ಒಳ ಹೊದಿಕೆಯನ್ನೇ ಬಿಚ್ಚತೊಡಗಿದೆ. ಹಿಡಿಕೆಯ ಹಿಂದಿನ ಸ್ಕ್ರೂ, ಕೈ ಇಡುವ ಜಾಗದ ಕೆಳಗಿನ ಎರಡು ಸ್ಕ್ರೂ, ಸುತ್ತಲಿನ ಕ್ಲಿಪ್ಪುಗಳು, ಕಿಟಕಿಯ ಸ್ವಿಚ್ಚಿನ ಪ್ಲಗ್ಗು ಎಲ್ಲ ಬಿಚ್ಚುವಷ್ಟರಲ್ಲಿ ಬೆಳಗಿನ ಹೊತ್ತು ಕಳೆದುಹೋಯಿತು. ಒಳಗಿನ ಸ್ಪೀಕರಿನ ಚೌಕಟ್ಟಿಗೆ ತುಕ್ಕು ಹಿಡಿದಿತ್ತು, ಕಾಗದದ ಕೋನಿನ ಅಂಚಿನಲ್ಲಿ ನೀರಿನ ಕಲೆ ಇತ್ತು; ಆದರೂ ಅಳೆದರೆ 3.6 ಓಮ್ ತೋರಿಸಿತು. ನಾಲ್ಕು ಓಮ್‌ನ ಸ್ಪೀಕರ್ ಮೀಟರಿನಲ್ಲಿ ನಾಲ್ಕಕ್ಕಿಂತ ತುಸು ಕಡಿಮೆಯನ್ನೇ ತೋರಿಸುತ್ತದೆ, ಏಕೆಂದರೆ ಮೀಟರು ಅಳೆಯುವುದು ಸುರುಳಿಯ ತಂತಿಯ ಪ್ರತಿರೋಧವನ್ನು ಮಾತ್ರ. ಬೆರಳುಗಳನ್ನು ಸುತ್ತಲೂ ಇಟ್ಟು ಕೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ ಬಿಟ್ಟಾಗ ಉಜ್ಜುವ ಸದ್ದೂ ಬರಲಿಲ್ಲ. ಸ್ಪೀಕರ್ ಸರಿಯಾಗಿಯೇ ಇತ್ತು. ಆ ಅರ್ಧ ದಿನದ ಶ್ರಮದಿಂದ ಸಿಕ್ಕ ಒಂದೇ ಲಾಭವೆಂದರೆ, ಹೊದಿಕೆಯ ಹಿಂದೆ ನೀರು ತಡೆಯಲು ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಯಾವಾಗಲೋ ಹರಿದು ಜೋತುಬಿದ್ದಿದ್ದು ಕಣ್ಣಿಗೆ ಬಿದ್ದದ್ದು. ಕಿಟಕಿಯ ಗಾಜಿನ ಪಕ್ಕದಿಂದ ಮಳೆನೀರು ಬಾಗಿಲಿನ ಒಳಗೆ ಇಳಿಯುವುದು ಸಹಜ, ಅದು ಕೆಳಗಿನ ರಂಧ್ರಗಳಿಂದ ಹೊರಗೆ ಹೋಗುತ್ತದೆ. ಆ ನೀರು ಸ್ಪೀಕರಿನ ಬೆನ್ನಿಗೂ ಕಾರಿನ ಒಳಕ್ಕೂ ಬರದಂತೆ ಕಾಯುವುದು ಈ ಹಾಳೆಯೇ.

ಮಧ್ಯಾಹ್ನ ಕಡುಬು ತಿಂದು ಎದ್ದ ಮೇಲೆ ಕೆಲಸವನ್ನು ಸರಿಯಾದ ತುದಿಯಿಂದ ಆರಂಭಿಸಿದೆ. ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿದೆ. ಕೆಲವು ಸೆಟ್‌ಗಳು ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಗುಪ್ತ ಸಂಖ್ಯೆ ಕೇಳುತ್ತವೆ. ಅದು ಬರೆದಿಟ್ಟಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಬಿಚ್ಚಿ ಕೆಲವು ನಿಮಿಷ ಕಾಯುವುದು ಒಳ್ಳೆಯದು, ಮತ್ತು ಸ್ಟೇರಿಂಗ್ ಹಾಗೂ ಸೀಟಿನ ಕೆಳಗಿನ ಹಳದಿ ಬಣ್ಣದ ಪ್ಲಗ್ಗುಗಳಿಗೆ ಮೀಟರಿನ ಮೊನೆಯನ್ನು ಯಾವ ಕಾರಣಕ್ಕೂ ತಾಗಿಸಬಾರದು. ಬಳಿಕ ಸೆಟ್ಟಿನ ಸುತ್ತಲಿನ ಚೌಕಟ್ಟನ್ನು ಕಿತ್ತು, ಸ್ಕ್ರೂ ಬಿಚ್ಚಿ, ಸೆಟ್ಟನ್ನು ಮುಂದಕ್ಕೆ ಎಳೆದು ಹಿಂದಿನ ಪ್ಲಗ್ಗನ್ನು ಕಳಚಿದೆ. ಹೊರಗಿನಿಂದ ತಂದು ಹಾಕುವ ಸೆಟ್‌ಗಳಲ್ಲಿ ತಂತಿಗಳ ಬಣ್ಣ ಸಾಮಾನ್ಯವಾಗಿ ಒಂದೇ ಕ್ರಮದಲ್ಲಿರುತ್ತದೆ: ಹಳದಿ ಸದಾ ಬ್ಯಾಟರಿ, ಕೆಂಪು ಕೀಲಿ ತಿರುಗಿಸಿದಾಗ ಬರುವ ಪೂರೈಕೆ, ಕಪ್ಪು ಅರ್ತ್; ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಹಿಂದಿನ ಎಡಕ್ಕೆ ಹಸಿರು, ಹಿಂದಿನ ಬಲಕ್ಕೆ ನೇರಳೆ. ಪ್ರತಿ ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್. ಕಾರಿನದೇ ತಂತಿಗಳಿಗೆ ಈ ಬಣ್ಣಗಳು ಇರುವುದಿಲ್ಲವಾದ್ದರಿಂದ ಅಲ್ಲಿ ಬಣ್ಣವನ್ನು ನಂಬಬಾರದು, ಅಳೆದೇ ತಿಳಿಯಬೇಕು.

ಪ್ಲಗ್ಗಿನ ತುದಿಯಲ್ಲಿ ನಾಲ್ಕು ಜೋಡಿಗಳನ್ನೂ ಅಳೆದಾಗ 3.7, 3.8, 3.8, 3.9 ಓಮ್ ಬಂದವು. ಯಾವ ತಂತಿಯೂ ತುಂಡಾಗಿಲ್ಲ, ಯಾವ ಸ್ಪೀಕರೂ ಸುಟ್ಟಿಲ್ಲ. ಮುಖ್ಯವಾದ ಅಳತೆ ಇದರ ನಂತರದ್ದು. ಎರಡು ಮೊನೆಗಳ ನಡುವೆ ವಿದ್ಯುತ್ತಿಗೆ ದಾರಿ ಇದ್ದರೆ ಕೂಗುವ ಬೀಪ್ ಸ್ಥಾನಕ್ಕೆ ಮೀಟರನ್ನು ತಿರುಗಿಸಿ, ಒಂದು ಮೊನೆಯನ್ನು ಡ್ಯಾಶ್‌ಬೋರ್ಡಿನ ಹಿಂದಿನ ಬಾಡಿಯ ಬೋಲ್ಟಿಗೆ ಕ್ಲಿಪ್ಪು ಹಾಕಿ, ಇನ್ನೊಂದನ್ನು ಎಂಟು ತಂತಿಗಳಿಗೆ ಒಂದೊಂದಾಗಿ ತಾಗಿಸುತ್ತ ಹೋದೆ. ಯಾವುದೂ ಬೀಪ್ ಎನ್ನಲಿಲ್ಲ. ಚಾಲಕನ ಬಾಗಿಲು ಆಗ ಪೂರ್ತಿ ತೆರೆದಿತ್ತು. ಮೊನೆಯನ್ನು ಚಾಲಕನ ಬಾಗಿಲಿನ, ಅಂದರೆ ಮುಂದಿನ ಬಲದ, ಬೂದು ತಂತಿಯ ಮೇಲೆ ಹಿಡಿದುಕೊಂಡು, "ಭಾವ, ಬಾಗಿಲನ್ನ ನಿಧಾನಕ್ಕೆ ಮುಚ್ಚುತ್ತಾ ಬನ್ನಿ" ಎಂದೆ. ಬಾಗಿಲು ಮುಚ್ಚಲು ಇನ್ನೊಂದು ಗೇಣು ಇದೆ ಎನ್ನುವಾಗ ಮೀಟರು ಕೂಗಿತು. ಇನ್ನೂ ಒಳಕ್ಕೆ ತಂದಾಗ ನಿಂತಿತು, ಪೂರ್ತಿ ಮುಚ್ಚಿದಾಗ ಮತ್ತೆ ಕೂಗಿತು. ಎರಡನೆಯ ಸಲ ಪೂರ್ತಿ ಮುಚ್ಚಿದಾಗ ಕೂಗಲಿಲ್ಲ. ಹಾಡು ಒಂದು ದಿನ ಬಂದು ಒಂದು ದಿನ ಬಾರದಿರುವುದಕ್ಕೆ, ಕೀಲಿ ತಿರುಗಿಸಿದರೆ ಕೆಲವೊಮ್ಮೆ ಮಾತ್ರ ಬರುವುದಕ್ಕೆ, ಘಾಟಿಯ ತಿರುವಿನ ಕುಲುಕಾಟದಲ್ಲಿ ಹೋಗುವುದಕ್ಕೆ ಎಲ್ಲಕ್ಕೂ ಇದೇ ವಿವರಣೆ. ಭಾವನವರು ಬಾಗಿಲನ್ನು ತಾವಾಗಿಯೇ ನಾಲ್ಕೈದು ಸಲ ಆಡಿಸಿ ಕೇಳಿದರು. "ಅಲ್ಲಾ ಮಾರಾಯ, ಇಷ್ಟು ದಿನ ಸೆಟ್ಟನ್ನ ಬೈದೆನಲ್ಲ" ಎಂದರು.

ಬಾಗಿಲಿಗೂ ಬಾಡಿಗೂ ನಡುವೆ, ಕೀಲುಗಳ ಪಕ್ಕದಲ್ಲಿ, ಮಡಿಕೆ ಮಡಿಕೆಯಾಗಿರುವ ಕಪ್ಪು ರಬ್ಬರಿನ ಕೊಳವೆಯೊಂದು ಇರುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಬೂಟ್ ಎನ್ನುತ್ತಾರೆ. ಕಿಟಕಿಯ ಮೋಟರು, ಬೀಗ, ಸ್ಪೀಕರ್ ಎಲ್ಲದರ ತಂತಿಗಳೂ ಅದರೊಳಗಿನಿಂದಲೇ ಹಾಯುತ್ತವೆ. ಈ ಕಾರಿನಲ್ಲಿ ಬೂಟಿನ ಬಾಡಿಯ ಕಡೆಯ ತುಟಿ ತನ್ನ ರಂಧ್ರದಿಂದ ಅರ್ಧ ಕಳಚಿಕೊಂಡಿತ್ತು. ಅದನ್ನು ಹಿಂದಕ್ಕೆ ಸರಿಸಿ ಟಾರ್ಚು ಬಿಟ್ಟಾಗ ಎಲ್ಲವೂ ಕಂಡಿತು. ಕೆಲವು ವರ್ಷಗಳ ಹಿಂದೆ ಸ್ಪೀಕರ್ ಬದಲಿಸಿದಾಗ ಯಾರೋ ಕಾರಿನ ಮೂಲ ತಂತಿಯನ್ನು ಬೂಟಿನ ಒಳಗೇ ಕತ್ತರಿಸಿ, ಮನೆಯ ಗಂಟೆಗೆ ಬಳಸುವಂಥ ಬಿರುಸಾದ ತೆಳು ತಂತಿಯನ್ನು ತಿರುಚಿ ಸೇರಿಸಿ ಟೇಪು ಸುತ್ತಿದ್ದರು. ಟೇಪಿನ ಅಂಟು ಕರಗಿ ಕಪ್ಪು ಬೆಲ್ಲದ ಪಾಕದಂತೆ ಇಳಿದಿತ್ತು, ಟೇಪು ಸುರುಳಿ ಬಿಚ್ಚಿಕೊಂಡಿತ್ತು. ಅದರ ಪಕ್ಕದಲ್ಲೇ ಬೂದು ತಂತಿಯ ಹೊದಿಕೆ ಉಗುರಿನಷ್ಟು ಅಗಲ ಸೀಳಿ, ಒಳಗಿನ ತಾಮ್ರದ ಎಳೆಗಳಲ್ಲಿ ಮೂರು ತುಂಡಾಗಿ, ಮುಳ್ಳಿನಂತೆ ಹೊರಕ್ಕೆ ಚಾಚಿ ನಿಂತಿದ್ದವು. ಎಳೆಗಳ ಬುಡ ಹಸಿರು ಕಿಲುಬಿನಿಂದ ಮುಚ್ಚಿತ್ತು. ತುದಿ ಮಾತ್ರ, ರಂಧ್ರದ ತಗಡಿನ ಅಂಚಿಗೆ ಉಜ್ಜಿ ಉಜ್ಜಿ, ಹೊಸ ಕಾಸಿನ ಹಾಗೆ ಹೊಳೆಯುತ್ತಿತ್ತು. ತಗಡಿನ ಅಂಚಿನ ಬಣ್ಣವೂ ಅಷ್ಟೇ ಜಾಗದಲ್ಲಿ ಸವೆದಿತ್ತು.

ಮಳೆನೀರಿನಿಂದಲೇ ಶಾರ್ಟ್ ಆಯಿತೇ ಎಂದು ಭಾವನವರು ಕೇಳಿದರು. ನೀರು ಅಷ್ಟು ಒಳ್ಳೆಯ ವಾಹಕವಲ್ಲ. ಒದ್ದೆಯಾದ ಮಾತ್ರಕ್ಕೆ ಆಂಪ್ಲಿಫೈಯರು ಬೆದರುವುದಿಲ್ಲ. ಬೂಟಿನ ತುಟಿಯನ್ನು ಸರಿಯಾಗಿ ಕೂರಿಸದೆ ಬಿಟ್ಟಿದ್ದರಿಂದ ತಂತಿ ಅಂಚಿಗೆ ಉಜ್ಜುತ್ತ ಬಂದಿತು, ತಾಮ್ರ ಬಯಲಾಯಿತು, ಆ ಬಾಯಿಯಿಂದ ಮಳೆಗಾಲದ ನೀರು ಹೊಕ್ಕು ಎಳೆಗಳನ್ನು ತಿಂದಿತು. ದುರ್ಬಲವಾದ ಎಳೆಗಳು ಮಡಚುವ ಜಾಗದಲ್ಲಿ ಮುರಿದು ತಗಡಿಗೆ ಚುಚ್ಚಿಕೊಂಡವು.

ಸೆಟ್ಟಿಗೆ ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು, ಬೂದು ಜೋಡಿಯನ್ನು ಸೆಟ್ಟಿನಿಂದ ಬೇರ್ಪಡಿಸಿ ತುದಿಗಳಿಗೆ ಟೇಪು ಸುತ್ತಿ, ಉಳಿದ ಮೂರನ್ನು ಜೋಡಿಸಿ, ಬಾಗಿಲಿಗೆ ಹೊದಿಕೆ ಇಲ್ಲದೆಯೇ ಕೊಟ್ಟಿಗೆಹಾರದವರೆಗೆ ಹೋಗಿ ಬಂದೆವು. ಗುಂಡಿ ಬಿದ್ದ ರಸ್ತೆ, ಮೂರು ಕಡೆ ಇಳಿದು ಹತ್ತಿದ್ದು, ಎಲ್ಲ ಆದರೂ ಮೂರು ಸ್ಪೀಕರ್‌ಗಳಲ್ಲಿ ಹಾಡು ಒಮ್ಮೆಯೂ ನಿಲ್ಲಲಿಲ್ಲ. ಮೀಟರು ಇಲ್ಲದವರೂ ಈ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು: ಒಂದೊಂದು ದಿನ ಒಂದೊಂದು ಸ್ಪೀಕರಿನ ಎರಡೂ ತಂತಿಗಳನ್ನು ಸೆಟ್ಟಿನ ಹತ್ತಿರ ಬಿಡಿಸಿಟ್ಟು ಓಡಾಡಿದರೆ, ಯಾವುದನ್ನು ಬಿಡಿಸಿದ ದಿನ ತೊಂದರೆ ಇಲ್ಲವೋ ಅದೇ ದೋಷದ ದಾರಿ. ಸೆಟ್ ಬದಲಿಸಿ ನೋಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ಹಳೆಯ ತಂತಿಯನ್ನು ಹಾಗೆಯೇ ಬಿಟ್ಟು ಹೊಸ ಸೆಟ್ ಹಾಕಿಸಿದ್ದರೆ ಅದೂ ಅದೇ ವಾರ ಸುಮ್ಮನಾಗುತ್ತಿತ್ತು.

ರಾತ್ರಿ ದುರಸ್ತಿ ಮುಗಿಸಬೇಕೆಂದಿದ್ದೆ, ಕರೆಂಟು ಹೋಯಿತು. ಬೆಸುಗೆಯ ಕಡ್ಡಿ ಕಾಯದೆ ಕೆಲಸವಿಲ್ಲ. ಮರುದಿನ ಹತ್ತು ಗಂಟೆಗೆ ಕರೆಂಟು ಬಂದ ಮೇಲೆ ಆರಂಭಿಸಿದೆ. ಬೂಟಿನ ಒಳಗಿದ್ದ ತುಂಡನ್ನು ಪೂರ್ತಿ ತೆಗೆದುಹಾಕಿದೆ. ಕಿಲುಬು ಹೊದಿಕೆಯ ಅಡಿಯಲ್ಲಿ ಕಣ್ಣಿಗೆ ಕಾಣದಂತೆ ಮುಂದಕ್ಕೆ ಹರಿದಿರುತ್ತದೆ, ಆದ್ದರಿಂದ ತಾಮ್ರ ಕೆಂಪಗೆ ಹೊಳೆಯುವವರೆಗೆ ಇಂಚಿಂಚಾಗಿ ಕತ್ತರಿಸುತ್ತ ಹೋಗಬೇಕು. ಇಲ್ಲಿ ಮೂರು ಇಂಚು ಕತ್ತರಿಸಬೇಕಾಯಿತು. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹೊಸದಾಗಿ ಹಾಕಿದ್ದು 0.75 ಚದರ ಮಿಲಿಮೀಟರಿನ, ಸಣ್ಣ ಎಳೆಗಳು ಬಹಳ ಇರುವ ಮೆತ್ತನೆಯ ತಂತಿ. ದಪ್ಪಕ್ಕಿಂತ ಎಳೆಗಳ ಸಂಖ್ಯೆ ಇಲ್ಲಿ ಮುಖ್ಯ, ಏಕೆಂದರೆ ದಿನವಿಡೀ ಮಡಚಿ ಬಿಚ್ಚುವ ಜಾಗದಲ್ಲಿ ಸಣ್ಣ ಎಳೆಗಳೇ ಬಾಳುತ್ತವೆ.

ಇನ್ನೂ ಮುಖ್ಯವಾದದ್ದು ಜೋಡಣೆ ಎಲ್ಲಿ ಬರಬೇಕು ಎಂಬುದು. ಬೆಸುಗೆ ಹಾಕಿದಾಗ ಕರಗಿದ ಸೀಸ ಎಳೆಗಳ ನಡುವೆ ಹೀರಿಕೊಂಡು ಹೋಗಿ ಆ ಭಾಗ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಮತ್ತು ತಂತಿ ಮುರಿಯುವುದು ಯಾವಾಗಲೂ ಆ ಗಟ್ಟಿ ಭಾಗ ಮುಗಿಯುವ ಗೆರೆಯಲ್ಲಿ. ಆದ್ದರಿಂದ ಬೂಟಿನ ಒಳಗೆ ಒಂದೂ ಜೋಡಣೆ ಇರದಂತೆ, ಒಂದನ್ನು ಬಾಗಿಲಿನ ಒಳಗೆ, ಇನ್ನೊಂದನ್ನು ಚಾಲಕನ ಕಾಲಿನ ಪಕ್ಕದ ಹೊದಿಕೆಯ ಹಿಂದೆ, ತಂತಿ ಅಲುಗಾಡದ ಜಾಗಗಳಲ್ಲಿ ಮಾಡಿದೆ. ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸಿನಲ್ಲಿ ರಾಳದ್ದನ್ನೇ ಬಳಸಿದೆ. ಆಮ್ಲದ ಫ್ಲಕ್ಸ್ ಒಳಗೆ ಉಳಿದು ಮುಂದಿನ ಮಳೆಗಾಲಕ್ಕೆ ತಾಮ್ರವನ್ನು ತಿನ್ನುತ್ತದೆ. ಬೆಸುಗೆಗೆ ಮೊದಲೇ ತಂತಿಗೆ ತೂರಿಸಿಟ್ಟಿದ್ದ, ಬಿಸಿಗೆ ಕುಗ್ಗುವ ಕೊಳವೆಯನ್ನು ಮೇಲೆ ಸರಿಸಿ ಬಿಸಿ ತಾಗಿಸಿ ಕೂರಿಸಿದೆ. ಬೂಟಿನಲ್ಲಿದ್ದ ಉಳಿದ ತಂತಿಗಳನ್ನೂ ಒಂದೊಂದಾಗಿ ಬೆರಳಿನಲ್ಲಿ ಮಡಚಿ ನೋಡಿದೆ. ಅವುಗಳ ಹೊದಿಕೆ ಚೆನ್ನಾಗಿತ್ತು. ಎಲ್ಲವನ್ನೂ ಸೇರಿಸಿ ಬಟ್ಟೆಯ ಟೇಪು ಸುತ್ತಿ, ಬಾಗಿಲು ಪೂರ್ತಿ ತೆರೆದರೂ ಎಳೆತ ಬಾರದಷ್ಟು ಸಡಿಲ ಬಿಟ್ಟು, ಬೂಟಿನ ತುಟಿಯನ್ನು ಸೋಪಿನ ನೀರು ಸವರಿ ರಂಧ್ರದ ಸುತ್ತ ಕೂರಿಸಿದೆ. ಈ ಕೊನೆಯ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಹಿಂದಿನವರು ಬಿಟ್ಟಿದ್ದು ಈ ಇಪ್ಪತ್ತು ನಿಮಿಷವನ್ನೇ.

ಹೊದಿಕೆ ಮುಚ್ಚುವ ಮೊದಲು ಪ್ಲಸ್ ಮೈನಸ್ ಅದಲುಬದಲಾಗಿಲ್ಲವೇ ಎಂದು ನೋಡಿಕೊಂಡೆ. ಸೆಟ್ಟಿನ ಕಡೆಯ ತುದಿಗಳಿಗೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ಸ್ಪೀಕರಿನ ಕೋನು ಅಲುಗುತ್ತದೆ. ಸೆಲ್ಲಿನ ಪ್ಲಸ್ ಬೂದು ತಂತಿಗೆ ತಾಗಿದಾಗ ಕೋನು ಹೊರಕ್ಕೆ ಬಂದರೆ ಜೋಡಣೆ ಸರಿ. ಒಂದು ಸ್ಪೀಕರ್ ತಿರುಗುಮುರುಗಾದರೆ ಸದ್ದು ಬರುತ್ತದೆ, ಆದರೆ ಒಂದು ಕೋನು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುವುದರಿಂದ ತಬಲದ ಗುಮ್ಮು ಮಾಯವಾಗುತ್ತದೆ. ಹರಿದ ಪ್ಲಾಸ್ಟಿಕ್ ಹಾಳೆಯ ಬದಲು ದಪ್ಪನೆಯ ಹೊಸ ಹಾಳೆಯನ್ನು ಕತ್ತರಿಸಿ, ಕೆಳಗಿನ ಅಂಚು ಬಾಗಿಲಿನ ಒಳಕ್ಕೇ ಇಳಿಯುವಂತೆ ಅಂಟಿಸಿದೆ. ತಂತಿ, ಕೊಳವೆ, ಟೇಪು, ಹಾಳೆ ಎಲ್ಲ ಸೇರಿ 210 ರೂಪಾಯಿ ಖರ್ಚಾಯಿತು.

ಎಲ್ಲ ಮುಗಿದು ನಾಲ್ಕು ಸ್ಪೀಕರ್‌ಗಳೂ ಹಾಡತೊಡಗಿದಾಗ, ಭಾವನವರು ಫೋನನ್ನು ಕಾರಿನ ಚಾರ್ಜರಿಗೂ, ಫೋನಿನ ಹಾಡನ್ನು ಸೆಟ್ಟಿಗೆ ಒಯ್ಯುವ ಆಕ್ಸ್ ತಂತಿಗೂ ಒಟ್ಟಿಗೆ ಸಿಕ್ಕಿಸಿದ ಕೂಡಲೇ, ಎಂಜಿನ್ನಿನ ವೇಗದೊಂದಿಗೆ ಏರಿಳಿಯುವ ಕೀಂ ಎಂಬ ಸದ್ದೊಂದು ಕೇಳಿಸಿತು. ಚಾರ್ಜರ್ ಕಿತ್ತರೆ ಸದ್ದಿಲ್ಲ. ಫೋನಿಗೆ ಚಾರ್ಜರಿನ ಮೂಲಕ ಒಂದು ಅರ್ತ್, ಆಕ್ಸ್ ತಂತಿಯ ಮೂಲಕ ಇನ್ನೊಂದು ಅರ್ತ್ ಸಿಕ್ಕಿ, ಆ ಎರಡು ಸೇರಿ ಆಗುವ ಸುತ್ತಿನಲ್ಲಿ, ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರಿನ ಅಲೆ ಹಾಡಿನೊಳಗೆ ನುಸುಳುತ್ತಿತ್ತು. ಬ್ಲೂಟೂತ್‌ನಲ್ಲಿ ಹಾಡು ಹಾಕಿಕೊಂಡರೆ ಈ ಸುತ್ತೇ ಇರುವುದಿಲ್ಲವಾದ್ದರಿಂದ ಆಕ್ಸ್ ತಂತಿಯನ್ನು ತೆಗೆದಿಟ್ಟೆವು.

ಹೊರಡುವ ಮೊದಲು ಎಂಟು ತಂತಿಗಳಿಗೂ ಬಾಡಿಗೂ ನಡುವಿನ ಅಳತೆಯನ್ನು ಬಾಗಿಲು ತೆರೆದು, ಮುಚ್ಚಿ, ಅರ್ಧಕ್ಕೆ ನಿಲ್ಲಿಸಿ ಮತ್ತೊಮ್ಮೆ ತೆಗೆದುಕೊಂಡೆ, ಒಂದೂ ಕೂಗಲಿಲ್ಲ. ಓಮ್‌ಗಳನ್ನೂ ತಂತಿಯ ಬಣ್ಣಗಳನ್ನೂ ಒಂದು ಹಾಳೆಯಲ್ಲಿ ಬರೆದು ಕಾರಿನ ಕಾಗದಪತ್ರಗಳ ಜೊತೆ ಇಟ್ಟೆ. ಮಘೆ ಮಳೆಯ ಹೊತ್ತಿಗೆ ಮತ್ತೆ ಹೋದಾಗ ಹಾಡು ಅಲ್ಲಿಯತನಕ ಒಮ್ಮೆಯೂ ನಿಂತಿಲ್ಲವೆಂದು ತಿಳಿಯಿತು. ಸ್ಪೀಕರ್ ಬದಲಿಸಿದವರ ಕೈ ಎಡ ಬಾಗಿಲಿನಲ್ಲೂ ಆಡಿರಬೇಕೆಂಬ ಅನುಮಾನ ನನಗಿತ್ತು. ಆ ಬೂಟನ್ನು ಸರಿಸಿ ನೋಡಿದರೆ ಅಲ್ಲೂ ಅದೇ ಬಿರುಸು ತಂತಿ, ಅದೇ ತಿರುಚಿದ ಜೋಡಣೆ. ಅಕ್ಕ ಇಳಿದು ಹತ್ತುವುದು ಕಡಿಮೆಯಾದ್ದರಿಂದ ಹೊದಿಕೆ ಇನ್ನೂ ಸೀಳಿರಲಿಲ್ಲ, ಅಂಚಿಗೆ ತಾಗುವ ಕಡೆ ಸವೆದು ಬಿಳಿಚಿಕೊಂಡಿತ್ತು, ಅಷ್ಟೆ. ಉಳಿದಿದ್ದ ತಂತಿಯಿಂದ ಅದನ್ನೂ ಅಂದೇ ಬದಲಿಸಿದೆವು. ಈ ಸಲ ಬೆಸುಗೆಯ ಕಡ್ಡಿ ಹಿಡಿದವರು ಭಾವನವರು.